ಕೂತು ಕಲಿಸಿದ ಗಣಿತ

ಜ್ವರ ಬಿಟ್ಟು ಮೂರು ತಿಂಗಳಾದರೂ ಸುಸ್ತು ಬಿಡಲಿಲ್ಲ. ನಾನು ಸುಂಕದಕಟ್ಟೆಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆ ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗ ನಡುವೆ ಎರಡು ಸಲ ಕೂರುತ್ತಿದ್ದೆ. ತಲೆಗೆ ನೀರು ಹಾಕಿಕೊಂಡರೆ ಒಂದು ಗಂಟೆ ಮಲಗಬೇಕು. ರಿಪೋರ್ಟ್ ಎಲ್ಲಾ ನಾರ್ಮಲ್ ಎಂದಾಗಲೆಲ್ಲ ನನ್ನ ಗಂಡನಿಗೆ ಸಮಾಧಾನವಾಗುತ್ತಿತ್ತು, ನನಗೆ ಆಗುತ್ತಿರಲಿಲ್ಲ.

ಕೊನೆಗೆ ಕಾಯಿಲೆಯ ಹೆಸರು ಹೇಳಿದ ಡಾಕ್ಟರು, "ಪೂರ್ತಿ ವಾಸಿ ಮಾಡ್ತೀನಿ ಅಂತ ನಾನು ಹೇಳಲ್ಲ. ಸುಸ್ತಾಗೋಕೆ ಮುಂಚೆ ನಿಲ್ಲಿಸೋದು ಕಲೀರಿ. ಚೆನ್ನಾಗಿದೀನಿ ಅನ್ನಿಸಿದ ದಿನ ಇನ್ನೂ ಹುಷಾರಾಗಿರಿ" ಅಂದರು. ತಲೆಯಾಡಿಸಿ ಬಂದೆ, ಮಾತು ಕೇಳಲಿಲ್ಲ. ಯುಗಾದಿಗೆ ಎರಡು ದಿನ ಮುಂಚೆ ಮೈ ಹಗುರ ಅನ್ನಿಸಿತು. ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ತೊಳೆದೆ. ಹಬ್ಬದ ದಿನ ಹೋಳಿಗೆ ಮಾಡಿದ್ದು ಗಂಡ, ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು. ರೊಟ್ಟಿಯಷ್ಟು ದಪ್ಪಗಿತ್ತು. ಮಲಗಿದ್ದಲ್ಲೇ ತಿಂದೆ.

ಜೂನ್‌ನಲ್ಲಿ ಶಾಲೆ ಶುರುವಾದಾಗ, ಕೂತು ಪಾಠ ಮಾಡುತ್ತೇನೆಂದು ಹೆಡ್‌ಮಿಸ್ಸನ್ನು ಕೇಳಿದೆ.

"ಮಕ್ಕಳು ಗಲಾಟೆ ಮಾಡ್ತಾರೆ" ಅಂದರು.

"ಮಾಡಲಿ ಮೇಡಂ. ನಿಂತು ಮಾಡಿದ್ರೆ ನಾಳೆ ನಾನು ಬರಕ್ಕಾಗಲ್ಲ."

ಅವರು ಒಪ್ಪಿದರು. ಒಂಬತ್ತನೇ ತರಗತಿಯಲ್ಲಿ ಮೊದಲ ದಿನವೇ ಒಬ್ಬಳು ಕೇಳಿದಳು, "ಮಿಸ್, ನಿಮಗೇನಾಗಿದೆ?"

"ಬೇಗ ಸುಸ್ತಾಗೋ ಕಾಯಿಲೆ ಕಣಮ್ಮ. ಬೇಗ ಹೋಗಲ್ವಂತೆ."

"ಹಾಗಾದ್ರೆ ಬೋರ್ಡ್ ಮೇಲೆ ನಾವು ಬರೀತೀವಿ, ನೀವು ಹೇಳಿ."

ನಾನು ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಹದಿನಾಲ್ಕು ವರ್ಷ ಮಕ್ಕಳಿಗೆ ಬೆನ್ನು ಹಾಕಿ ಲೆಕ್ಕ ಬರೆದಿದ್ದೆ. ಹಿಂದಿನ ಬೆಂಚಿನಿಂದ ತರಗತಿ ಹೇಗೆ ಕಾಣುತ್ತದೆಂದು ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಹುಡುಗಿ ಮೈನಸ್ ಬಂದಲ್ಲೆಲ್ಲ ಸುಮ್ಮನೆ ಪೆನ್ನು ಎತ್ತಿಬಿಡುತ್ತಿದ್ದಳು. ಬೇರೆಯವರು ಬರೆದ ಮೇಲೆ ನಕಲು ಮಾಡುತ್ತಿದ್ದಳು. ಜಾಣೆ ಎಂದುಕೊಂಡಿದ್ದೆ ಅವಳನ್ನು. ಆ ವಾರವೆಲ್ಲ ಮೈನಸ್ಸನ್ನೇ ಮತ್ತೆ ಕಲಿಸಿದೆ. ಗಲಾಟೆಯೂ ಆಗುತ್ತಿತ್ತು, ಹೆಡ್‌ಮಿಸ್ ಹೇಳಿದ್ದು ಸುಳ್ಳಲ್ಲ.

ಈಗಲೂ ಮಧ್ಯಾಹ್ನ ಊಟವಾದ ಮೇಲೆ ಲ್ಯಾಬಿನಲ್ಲಿ ಚಾಪೆ ಹಾಸಿ ಇಪ್ಪತ್ತು ನಿಮಿಷ ಮಲಗುತ್ತೇನೆ. ಮೊದಲು ಬಾಗಿಲು ಹಾಕಿಕೊಳ್ಳುತ್ತಿದ್ದೆ, ಈಗ ಹಾಕುವುದಿಲ್ಲ.

ಕಳೆದ ತಿಂಗಳು ಶ್ರೀಗಂಧದ ಕಾವಲ್‌ನಲ್ಲಿ ನಾದಿನಿಯ ಗೃಹಪ್ರವೇಶವಿತ್ತು. ಮೊದಲ ಪಂಕ್ತಿಯಲ್ಲೇ ಊಟ ಮಾಡಿ ಎದ್ದೆ.

"ಇಷ್ಟು ಬೇಗ ಹೊರಟ್ರಾ ಅತ್ತಿಗೆ? ಸುಸ್ತಾಯ್ತಾ?"

"ಇಲ್ಲ, ಇನ್ನೂ ಆಗಿಲ್ಲ. ಅದಕ್ಕೇ ಹೊರಟೆ."

ಅವಳಿಗೆ ಬೇಸರವಾಯಿತು, ಮುಖದಲ್ಲಿ ಕಂಡಿತು. ಆಟೋ ಹಿಡಿದು ಮನೆಗೆ ಬಂದು ಮಲಗಿದೆ. ಮಾರನೆಯ ದಿನ ಶಾಲೆಗೆ ಹೋದೆ.