ಗಂಟಿನೊಳಗಿನ ಹೆಸರು

ಮಕ್ತಲದ ಸೀರೆ ಸಾವ್ಕಾರರು ನನ್ನ ಬಗ್ಗೆ ಒಂದು ಮಾತು ಹಬ್ಬಿಸಿದ್ದಾರೆ: "ಗದ್ವಾಲದ ಶೆಡ್ಡಿನಾಗ ಕುರ್ಚಿ ಹಾಕಿ ಕುಂಡ್ರಸ್ತೀನಂದ್ರ ಆ ಮುದುಕಿ ಕಂಪ್ಯೂಟರ್ ನೋಡಿ ಹೆದರಿ ಓಡಿಹೋದ್ಳು." ಎದುರಿಗೆ ನಿಂತು ಜವಾಬು ಕೊಡುವ ಬಾಯಿ ನನಗಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಬರೆದ ಕೈಯೊಂದಿದೆ. ಮೊಮ್ಮಕ್ಕಳೇ, ಆ ಕೈಯಿಂದಲೇ ನಿಮಗೆ ನಡೆದದ್ದನ್ನು ಬರೆದಿಡುತ್ತೇನೆ.

ನಿಮ್ಮ ಅಜ್ಜ ತೀರಿಹೋದ ಮೇಲೆ ನಾರಾಯಣಪೇಟೆಯ ನಮ್ಮ ಮನೆಯ ಕುಣಿಮಗ್ಗಕ್ಕೆ ನಾನೇ ಇಳಿದೆ. ನೆಲದಲ್ಲಿ ತೋಡಿದ ತಗ್ಗಿಗೆ ಕಾಲು ಇಳಿಬಿಟ್ಟು ದಿನವಿಡೀ ತುಳಿದು ತುಳಿದು ನನ್ನ ಮೊಣಕಾಲುಗಳು ಕೆಟ್ಟವು. ಅಂಥ ಹೊತ್ತಿನಲ್ಲಿ ಸಾವ್ಕಾರರು ಗದ್ವಾಲದಲ್ಲಿ ಕಂಪ್ಯೂಟರ್ ಮಗ್ಗಗಳ ಶೆಡ್ಡು ಹಾಕಿದರು. "ಹೈದರಾಬಾದಿನ ವ್ಯಾಪಾರದವರು ಯಾರ ದಡಿ ಒಪ್ತಾರೋ ಅವರಿಗೇ ನಕ್ಷಿ ಕೆಲಸ" ಎಂದರು. ದಡಿ ಎಂದರೆ ಸೀರೆಯ ಅಂಚು. ಅದರ ನಕ್ಷೆಯನ್ನು ಕುರ್ಚಿಯ ಮೇಲೆ ಕೂತು ಹೇಳಿಕೊಡುವ ಕೆಲಸ. ತಗ್ಗಿನಿಂದ ಮೇಲೆ ಬರುವ ದಾರಿ ಅದೊಂದೇ ಎಂದು ನನಗೂ ಆಸೆಯಾಯಿತು.

ಶೆಡ್ಡಿನ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದವಳು ನನ್ನ ಮಗಳು, ನಿಮ್ಮವ್ವ. ಎಷ್ಟು ಎಳೆ ಎತ್ತಬೇಕು, ಎಲ್ಲಿ ಬಿಡಬೇಕು ಎಂದು ನಾನು ಹೇಳಿದ ಹಾಗೆ ಬರೆಯುತ್ತಿದ್ದಳು. ಒಂದೊಂದು ದಡಿಗೂ ಒಂದೊಂದು ಲೈಬ್ರರಿ. ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಬಿಗಿದು ಕಟ್ಟಿದ ಗಂಟಿಗೆ ಅವರು ಲೈಬ್ರರಿ ಎನ್ನುತ್ತಾರೆ. ಕಟ್ಟಿದ ಮೇಲೆ ಒಳಗೇನಿದೆ ಎಂದು ಮನುಷ್ಯರಿಗೆ ಓದಲು ಬಾರದು.

ಆ ಗಂಟುಗಳಿಗೆ ನಿಮ್ಮವ್ವ ಮೊದಲು ಇಟ್ಟ ಹೆಸರು ಕೇಳಿ: ಹೊಸದು. ಹೊಸದು-ಎರಡು. ಕಡೆಯದು. ಕಡೆಯದು-ಹೊಸದು. ಕಾಲೇಜು ಕಲಿತವರೆಲ್ಲ ಹೀಗೇ ಇಡುತ್ತಾರಂತೆ. ಇದನ್ನು ಕಲಿಯಲು ಕಾಲೇಜು ಬೇರೆ!

"ಮಕ್ಕಳಿಗೂ ಹಿಂಗೇ ಇಡಬೇಕಿತ್ತಲ್ಲ," ಎಂದೆ. "ಹಡೆದದ್ದು-ಒಂದು, ಹಡೆದದ್ದು-ಎರಡು."

"ಆತು ಬಿಡಬೇ ಯವ್ವಾ, ನೀನೇ ಹೇಳು," ಎಂದು ನಕ್ಕಳು.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಹೊಸ ದಡಿಯ ಮೊದಲ ಸೀರೆಯನ್ನು ಮಗ್ಗದಿಂದ ಕತ್ತರಿಸುವ ಮುಂಚೆ ನೇಯ್ದವರೇ ಅದರ ಹೆಸರು ಹೇಳಬೇಕು. ಕತ್ತರಿಸಿದ ಮೇಲೆ ಯಾರು ಏನೇ ಕರೆಯಲಿ, ಅದು ಸಲ್ಲದು. ನಾನು ಹೇಳಿದೆ: ತೆನೆ, ಕುರಿಹೆಜ್ಜೆ, ಬಂಡಿಗಾಲಿ. ನಿಮ್ಮವ್ವ ಪ್ರತಿಯೊಂದರ ಮುಂದೆ ‘ಅವ್ವ’ ಎಂದು ಬರೆದು, ನಡುವೆ ಒಂದು ಚುಕ್ಕಿ ಇಟ್ಟು, ಆಮೇಲೆ ಗಂಟು ಕಟ್ಟಿದಳು.

"ನನ್ನ್ಯಾಕ ಎಳಿತಿ ಅದರಾಗ?"

"ಯಾರದು ಅನ್ನೋದು ಮೊದಲ, ಏನು ಅನ್ನೋದು ಆಮ್ಯಾಲ. ನಮ್ಮ ಕೆಲಸದಾಗ ಹಂಗೇ ಬರೆಯೋದು."

ಶೆಡ್ಡಿನ ದೊಡ್ಡ ಪ್ರೋಗ್ರಾಂ ಈ ಗಂಟುಗಳನ್ನು ಒಂದೊಂದಾಗಿ ತೆಗೆದು, ನೀನು ಯಾರು, ನಿನಗೇನು ಬರುತ್ತದೆ ಎಂದು ಕೇಳುತ್ತದೆ. ಗಂಟು ತನ್ನ ಹೊಟ್ಟೆಯಲ್ಲಿದ್ದದ್ದನ್ನು ಹೇಳುತ್ತದೆ. ಇದಕ್ಕೆ ರಿಫ್ಲೆಕ್ಷನ್ ಎಂದು ಹೆಸರು. ಗಂಟಿನ ಹೊರಗೆ, ಫೈಲಿನ ಮೇಲೆ ಏನು ಬರೆದಿದೆ ಎಂದು ನಿಮ್ಮವ್ವನ ಪ್ರೋಗ್ರಾಂ ನೋಡುವುದೇ ಇಲ್ಲ.

ಸಾವ್ಕಾರರಿಗೆ ಇದು ಹೇಗೆ ತಿಳಿಯಬೇಕು? ಅವರು ಚೀಟಿಯ ಮನುಷ್ಯ. ಕೋಸಗಿಯಿಂದ ಬಂದ ಸೀರೆಯ ಕಟ್ಟಿನ ಚೀಟಿ ಕಿತ್ತು ತಮ್ಮ ಚೀಟಿ ಅಂಟಿಸಿ, ಮಾಲು ತಮ್ಮದೆಂದು ತಾವೇ ನಂಬುವವರು. ಕಂಪ್ಯೂಟರಿನಲ್ಲೂ ಅದನ್ನೇ ಮಾಡಿದರು. ನಮಗೆ ತಿಳಿಸದೆ ಮೂರೂ ಫೈಲುಗಳ ಮೇಲಿನ ಹೆಸರು ಅಳಿಸಿ ತಮ್ಮ ಅಳಿಯನ ಹೆಸರು ಬರೆದರು. ಆ ಅಳಿಯ ಡಿಸೈನಿನ ಕೋರ್ಸು ಮುಗಿಸಿದ್ದಾನೆ. ಹಾಸು ಯಾವುದು, ಹೊಕ್ಕು ಯಾವುದು ಎಂಬುದು ಆ ಕೋರ್ಸಿನಲ್ಲಿ ಇರಲಿಲ್ಲವೆಂದು ಕಾಣುತ್ತದೆ.

ಹೈದರಾಬಾದಿನ ವ್ಯಾಪಾರದಮ್ಮ ಬಂದ ದಿನ ಸಾವ್ಕಾರರು ನಮ್ಮಿಬ್ಬರನ್ನೂ ಶೆಡ್ಡಿಗೆ ಕರೆಸಿದ್ದರು. ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ಸಾವ್ಕಾರರು ಫೈಲುಗಳನ್ನು ತೋರಿಸಿ, "ಇವೆಲ್ಲ ನಮ್ಮ ಅಳಿಯಂದು ನೋಡ್ರೀ ಮೇಡಂ. ಹೆಸರು ಮ್ಯಾಲೇ ಐತಿ," ಎಂದರು. ನಿಮ್ಮವ್ವ ಪ್ರೋಗ್ರಾಂ ತೆರೆದಳು. ಪರದೆಯ ಮೇಲೆ ಮೂರು ಹೆಸರು ಬಂದವು. ಮೂರರ ಮುಂದೆಯೂ ಅವ್ವ.

"ಅವ್ವ ಯಾರು?" ಎಂದು ವ್ಯಾಪಾರದಮ್ಮ ತೆಲುಗಿನಲ್ಲಿ ಕೇಳಿದರು.

"ಕಂಪ್ಯೂಟರಿಗೆ ತಲಿ ಕೆಟ್ಟೈತಿ. ಬಂದ್ ಮಾಡಿ ಮತ್ತ ಹಚ್ಚವ್ವಾ," ಎಂದರು ಸಾವ್ಕಾರರು. ನಿಮ್ಮವ್ವ ಬಂದ್ ಮಾಡಿ ಹಚ್ಚಿದಳು. ಅವೇ ಹೆಸರು ಬಂದವು. ಇನ್ನೊಮ್ಮೆ ಎಂದರು. ಮತ್ತೆ ಅವೇ. ಅಳಿಯ ಮುಂದೆ ಬಗ್ಗಿ ಪರದೆಯನ್ನು ಅಂಗಿಯ ತೋಳಿನಿಂದ ಒರೆಸಿದ.

"ನಮ್ಮವ್ವ ರೀ. ಅಲ್ಲೇ ನಿಂತಾಳ," ಎಂದು ನಿಮ್ಮವ್ವ ಕಂಬದ ಕಡೆ ಕೈ ತೋರಿಸಿದಳು. ನಾನು ಸೆರಗು ಎಳೆದುಕೊಂಡೆ. ವ್ಯಾಪಾರದಮ್ಮ ಅಳಿಯನನ್ನು, ಕುರಿಹೆಜ್ಜೆಯಲ್ಲಿ ಮೊದಲು ಏಳುವ ಎಳೆ ಯಾವುದು ಎಂದು ಕೇಳಿದರು. ಅವನು ಮಾವನ ಮುಖ ನೋಡಿದ. ನಾನು ನಿಂತಲ್ಲಿಂದಲೇ ಹೇಳಿದೆ. ಮೂರೂ ದಡಿ ಬೇಕೆಂದು ಹೇಳಿ ಆಕೆ ಎದ್ದುಹೋದರು.

ಆಕೆಯ ಕಾರು ಹೊರಟದ್ದೇ ಸಾವ್ಕಾರರ ದನಿ ಬೆಣ್ಣೆಯಾಯಿತು. "ಯಕ್ಕಾ, ಕೆಲಸ ನಿಂದೇ. ನಾಳಿಂದ ಬಂದು ಕುರ್ಚಿ ಮ್ಯಾಲ ಕುಂಡ್ರು. ಇವತ್ತಿಂದು ಆಗಿಹೋತು, ನಾಳಿ ಬರೋರ ಮುಂದ ನನ್ನ ಮಾನ ಹೋಗಬಾರದು. ಮಗಳಿಗೆ ಹೇಳು, ಒಳಗಿನ ಹೆಸರು ತೆಗೆದು ಅಳಿಯಂದು ಹಾಕಿ ಹೊಸದಾಗಿ ಕಟ್ಟಿಕೊಡಲಿ."

ನಿಮ್ಮವ್ವ ನನ್ನ ಮೊಣಕಾಲಿನ ಕಡೆ ನೋಡಿದಳು. "ನೀ ಹೂಂ ಅಂದ್ರ ಮಾಡಿಕೊಡ್ತೀನಬೇ. ಹತ್ತು ನಿಮಿಷದ ಕೆಲಸ," ಎಂದು ಮೆಲ್ಲಗೆ ಹೇಳಿದಳು.

ಆ ಕುರ್ಚಿ ಅಲ್ಲೇ, ನಾಲ್ಕು ಹೆಜ್ಜೆಯ ದೂರದಲ್ಲಿತ್ತು. ಒರಗುವ ಬೆನ್ನಿತ್ತು, ಮೇಲೆ ದಿಂಬಿತ್ತು.

"ಒಲ್ಲೆರೀ," ಎಂದೆ. "ನಿಮ್ಮ ಅಳಿಯಗ ತಾನೇ ಒಂದು ದಡಿ ಮಾಡಾಕ ಹೇಳ್ರಿ. ಅದಕ್ಕ ಅವನ ಹೆಸರೇ ಇರಲಿ, ಯಾರು ಬ್ಯಾಡಂತಾರ?"

ನಾನು ಮತ್ತೆ ನನ್ನ ಕುಣಿಮಗ್ಗದ ತಗ್ಗಿಗೇ ಇಳಿದೆ. ಈಗ ಆ ಕುರ್ಚಿಯಲ್ಲಿ ಅಳಿಯ ಕೂತಿದ್ದಾನೆ. ಆ ಮೂರು ದಡಿಗಳನ್ನು ಬಿಟ್ಟು ಗದ್ವಾಲದ ಶೆಡ್ಡಿನಿಂದ ನಾಲ್ಕನೆಯದು ಇನ್ನೂ ಹೊರಗೆ ಬಂದಿಲ್ಲ.