ರೊಟ್ಟಿ ಬಡಿಯುವ ಸದ್ದು

ಮಗಳಿಗಿರುವುದು ಗಮನದ ತೊಂದರೆ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಜೇವರ್ಗಿಯ ನೆಂಟರು ಮಾತ್ರ ಸೊಕ್ಕು ಎಂದರು. ಅವರ ಬಾಯಿ ಮುಚ್ಚಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಹೋಂವರ್ಕಿಗೆ ಕೂತರೆ ಎರಡನೇ ಸಾಲಿಗೇ ಎದ್ದು ಓಡುತ್ತಿದ್ದಳು.

ದಾರಿ ಕಂಡುಕೊಂಡವರು ನನ್ನ ಅತ್ತೆ, ಮಗಳ ಪಾಲಿನ ಆಯಿ. ಸಂಜೆ ಜೋಳದ ರೊಟ್ಟಿ ಬಡಿಯುವಾಗ ಮೊಮ್ಮಗಳನ್ನು ಒಲೆಯ ಪಕ್ಕ ಕೂರಿಸಿಕೊಂಡು, "ನಂದೊಂದು ರೊಟ್ಟಿ, ನಿಂದೊಂದು ಲೆಕ್ಕ. ನನ್ನ ಕೈ ನಿಲ್ಲೂತನಕ ಏಳಬ್ಯಾಡ ಬೇ" ಎನ್ನುತ್ತಿದ್ದರು. ಆ ಸದ್ದಿನ ಜೊತೆಗೇ ಅವಳ ಪೆನ್ಸಿಲು ಓಡುತ್ತಿತ್ತು.

ಅತ್ತೆ ತೀರಿಕೊಂಡ ಮೇಲೆ ರೊಟ್ಟಿ ಬಡಿಯಲು ನನಗೆ ಕೈ ಬರಲಿಲ್ಲ. ಖಾನಾವಳಿಯಿಂದ ತರಿಸುತ್ತಿದ್ದೆವು. ಮಗಳು ಪುಸ್ತಕ ಮುಟ್ಟುವುದನ್ನೇ ಬಿಟ್ಟಳು.

ಮೊನ್ನೆ ಸಂಜೆ ನಾನು ಕೆಲಸದಿಂದ ಬಂದಾಗ ಅವಳು ಆರಿದ ಒಲೆಯ ಪಕ್ಕ ಒಬ್ಬಳೇ ಕೂತು, ತಲೆ ಎತ್ತದೆ ಲೆಕ್ಕ ಮಾಡುತ್ತಿದ್ದಳು. ನನಗೆ ಎಲ್ಲಿಲ್ಲದ ಖುಷಿಯಾಯಿತು. "ಸಾಕು ಏಳ ಬೇ, ಚಾ ಕುಡಿ" ಎಂದೆ.

"ತಡಿ ಅವ್ವ, ಆಯಿ ಇನ್ನಾ ಬಡಿಯಾಕತ್ತಾಳ" ಎಂದಳು.

ಹೆದರಬೇಕಿತ್ತು. ನಾನು ಫ್ಯಾನು ಆರಿಸಿ, ಅವಳ ಪಕ್ಕದಲ್ಲಿ ಕೂತು ಕಿವಿಗೊಟ್ಟೆ. ಪೆನ್ಸಿಲು ಅದೇ ಹಳೆಯ ಓಟದಲ್ಲಿ ಓಡುತ್ತಿತ್ತು. ನನಗೆ ಬೇರೇನೂ ಕೇಳಿಸಲಿಲ್ಲ. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚಾಯಿತು.