ಇಪ್ಪತ್ತೊಂದರ ಮೇಲಿನ ಕುಂಕುಮ

ಆ ಲಾಗ್ ಟೇಬಲ್ ಪುಸ್ತಕ ಮೊದಲು ನನ್ನದು. ನಾನು ಹಾಸನದಲ್ಲಿ ಬಿ.ಎಸ್ಸಿ. ಸೇರಿದ ಮೇಲೆ, ಹೊಂಗಡಹಳ್ಳದಿಂದ ಸಕಲೇಶಪುರಕ್ಕೆ ಬಸ್ಸಿನಲ್ಲಿ ಪಿಯುಸಿಗೆ ಹೋಗುತ್ತಿದ್ದ ತಂಗಿಯ ಪಾಲಾಯಿತು. ಅಷ್ಟರಲ್ಲಿ ಅದರ ರಟ್ಟು ಕಿತ್ತುಹೋಗಿ, ಅಂಕಿಗಳ ಪುಟವೇ ಮೇಲೆ ಬಂದಿತ್ತು.

ತೊಂಬತ್ತರ ದಶಕದ ಕೊನೆಯ ಒಂದು ಆಯುಧಪೂಜೆ. ಕಾಫಿ ಗಿಡ ಸವರುವ ಕತ್ತಿಗೆ, ಸ್ಪ್ರೇಯರಿಗೆ ಅರಿಶಿನ ಕುಂಕುಮ ಇಟ್ಟ ಒದ್ದೆ ಕೈಯಲ್ಲೇ ಅಜ್ಜಿ ನಮ್ಮ ಪುಸ್ತಕಗಳಿಗೂ ಇಟ್ಟಳು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ವಿಜಯದಶಮಿಯ ಬೆಳಿಗ್ಗೆ ಎತ್ತಿದಾಗ ಇಪ್ಪತ್ತೊಂದರ ಸಾಲು ಕೆಂಪಾಗಿ ಒಣಗಿ, ಅಂಕಿ ಕಾಣದಂತಾಗಿತ್ತು.

ತಂಗಿ ಅತ್ತಳು. ಅತ್ತದ್ದು ತಾನಲ್ಲ, ನಾನು ಎನ್ನುತ್ತಾಳೆ ಅವಳು, ಇರಬಹುದು. ಅಜ್ಜಿಯ ಮುಖ ಮಾತ್ರ ಇಬ್ಬರಿಗೂ ನೆನಪಿದೆ.

"ಮಗೀನ್ ಓದು ಹಾಳು ಮಾಡ್ಬುಟ್ಟೆ ಕಣೇ. ಇನ್ಮ್ಯಾಕೆ ನಿಮ್ ಪುಸ್ತಕ ಮುಟ್ಟಾಕಿಲ್ಲ," ಎಂದು ಕುಂಕುಮದ ಬಟ್ಟಲನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟಳು.

ಪೇಟೆಗೆ ಹೋದರೆ ಹೊಸದು ಸಿಗುತ್ತಿತ್ತು. ತಂದರೆ ಹಳೆಯದು ಹಾಳಾಯಿತೆಂದು ಒಪ್ಪಿಕೊಂಡಂತೆ.

ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿ ಹೇಳಿದೆ: ಇದನ್ನು ಕಂಡುಹಿಡಿದವನು ಸುಮಾರು ನಾನೂರು ವರ್ಷದ ಹಿಂದಿನ ಸ್ಕಾಟ್ಲೆಂಡಿನ ಜಮೀನ್ದಾರ. ಗುಣಿಸುವ ಕಷ್ಟವನ್ನು ಕೂಡುವಷ್ಟು ಸುಲಭ ಮಾಡಲು ಇಪ್ಪತ್ತು ವರ್ಷ ಅಂಕಿ ಬರೆದು ಪುಸ್ತಕ ಅಚ್ಚು ಹಾಕಿಸಿದ. ಅಂಕಿಗಳನ್ನು ಹೇಗೆ ಕಟ್ಟಿದನೆಂದು ತಿಳಿಸುವ ಇನ್ನೊಂದನ್ನು, ಅವನು ತೀರಿಕೊಂಡ ಮೇಲೆ ಮಗ ಹೊರತಂದ. ನಮ್ಮ ಪುಟದ ಅಂಕಿಗಳು ನಂತರದವರು ಬದಲಿಸಿದವು ಎಂದು ಆಗ ಹೇಳಿದೆನೋ ಇಲ್ಲವೋ.

"ಇಪ್ಪತ್ ವರ್ಷ! ಅವನ ತೋಟ ಯಾರ್ ನೋಡ್ಕಂತಿದ್ರು ಮಾರಾಯ್ತಿ?"

"ಹೆಂಡ್ತಿ ಇದ್ದಿರ್ಬೇಕು ಬಿಡಜ್ಜಿ," ಎಂದಳು ತಂಗಿ.

"ಹಂಗನ್ನು! ಹೆಸ್ರು ಇವಂದು, ಬೆವರು ಅವಳ್ದು."

ಮೂರರ ಲಾಗ್ ಅದೇ ಪುಟದಲ್ಲಿತ್ತು, ಏಳರದ್ದು ಮುಂದಿನದರಲ್ಲಿ. ಮೂರೇಳಲೆ ಇಪ್ಪತ್ತೊಂದು, ಹಾಗಾಗಿ ಎರಡರ ಲಾಗನ್ನೂ ಕೂಡಿದರೆ ಇಪ್ಪತ್ತೊಂದರದ್ದು. ತಂಗಿ ಕುಂಕುಮದ ಮೇಲೆಯೇ ಪೆನ್ಸಿಲ್ಲಿನಲ್ಲಿ 3222 ಎಂದು ಬರೆದಳು. ಸಾಲಿನ ಉಳಿದವುಗಳಲ್ಲಿ ಕೆಲವು ಹೀಗೆ ಸಿಗಲಿಲ್ಲ. ಅವನ್ನು ಮೇಲಿನ ಕೆಳಗಿನ ಸಾಲು ನೋಡಿ ಅಂದಾಜಿನಲ್ಲಿ ತುಂಬಿದೆವು.

ಅಜ್ಜಿ ಬಗ್ಗಿ ನೋಡಿದಳು. "ಕುಂಕುಮ ಒರೆಸ್ದೇನೇ ಬಂತಾ?"

"ಬಂತಜ್ಜಿ."

"ಹಂಗಾರೆ ಆ ಯಜಮಾನ ಒಳ್ಳೆ ಮನುಷ್ಯನೇ ಕಣೇ. ಪಾಪ, ಅವನಿಗೊಂದು ಹೂ ಇಡ್ಲಾ?"

"ಇಡಜ್ಜಿ."

ಸೇವಂತಿಗೆಯೊಂದನ್ನು ತಂದಳು. ನೀರು ಕೊಡವಿ, ಸೆರಗಿನಲ್ಲಿ ಒತ್ತಿ, ಪುಸ್ತಕವನ್ನು ತೊಡೆಯ ಮೇಲೆ ಎಳೆದುಕೊಂಡು, ಅಂಕಿಯಿಲ್ಲದ ಅಂಚನ್ನು ಬೆರಳಲ್ಲಿ ಹುಡುಕಿ ಇಟ್ಟಳು.